ಸಮ ನಂಬರು, ಬೆಸ ನಂಬರು

ಹಲ್ ಊರಿನ ಬಂದರಿನ ಹತ್ತಿರ,
ಮೀನಿನ ವಾಸನೆ ಇನ್ನೂ ಬಿಡದ ಹಳೇ ಗೋದಾಮಿನಲ್ಲಿ
ಆಳಿಗೊಂದು ಸೀಮೆಸುಣ್ಣದ ಡಬ್ಬಿ ಕೊಟ್ಟು ಬ್ರಾನ್ವೆನ್
ನೆಲದ ಮೇಲೆ ನೀವು ಬೆಳೆದ ಮನೆ ಬರೆಯಿರಿ ಎಂದಳು.
ಇದ್ದಷ್ಟೇ ಅಳತೆ. ಒಳಗೆ ನಿಂತು ತಿರುಗಾಡುವಷ್ಟು.
ಟೇಪು ಬೇಡ. ಹೆಜ್ಜೆಯಲ್ಲೇ ಅಳೆಯಿರಿ,
ಆಗಿನ ಹೆಜ್ಜೆಯಲ್ಲಿ.

ಆಗಿನ ಹೆಜ್ಜೆ! ನಲವತ್ತಾರರ ಮಂಡಿ ನಕ್ಕಿತು.

ಶೆರ್ಕೋ, ಸ್ಪ್ರಿಂಗ್ ಬ್ಯಾಂಕಿನ ಕ್ಷೌರದಂಗಡಿಯವ,
ಒಂದೇ ಒಂದು ದೊಡ್ಡ ಚೌಕ ಎಳೆದು ಕೈ ಝಾಡಿಸಿಕೊಂಡ.
ಗೋಡೆ ಎಲ್ಲಿ, ಒಲೆ ಎಲ್ಲಿ ಎಂದರೆ
ಇದು ಮಾಳಿಗೆ, ಬೇಸಿಗೆಯಲ್ಲಿ ಒಂಬತ್ತು ಜನ
ಇಲ್ಲೇ ಮಲಗುತ್ತಿದ್ದೆವು,
ಕೆಳಗಿನದು ಹೋಯಿತು, ಎಂದ.
ಹೋದದ್ದು ನೆನಪೋ ಮನೆಯೋ
ಯಾರೂ ಕೇಳಲಿಲ್ಲ.

ಎಂಟು ವರ್ಷದ ಹುಡುಗನೊಬ್ಬ ತಕರಾರು ತೆಗೆದ:
ನಂದಿನ್ನೂ ಮುಗಿದೇ ಇಲ್ಲವಲ್ಲ?

ನಾನು ಸುಣ್ಣ ಹಿಡಿದು ಕೂತೇ ಇದ್ದೆ.
ಅಪ್ಪ ವೈರ್‌ಲೆಸ್ ಪೊಲೀಸು.
ಇಂಡಿ, ಸಿಂಧನೂರು, ಹುನಗುಂದ, ಶಹಾಪುರ,
ಆಮೇಲೆ ಮತ್ತೆ ಇಂಡಿ.
ಊರು ಬದಲಾದರೂ ಕ್ವಾರ್ಟರ್ಸು ಅದೇ:
ಒಂದು ಖೋಲಿ, ಅಡುಗೆಮನೆ, ಹಿಂದೆ ಬಚ್ಚಲು,
ಹಳದಿ ಗೋಡೆಗೆ ಕರೀ ಬಣ್ಣದ ನಂಬರು.
ಲಾರಿ ಇಳಿದ ರಾತ್ರಿಯೇ, ಕರೆಂಟಿಲ್ಲದೆ,
ಅವ್ವ ಕತ್ತಲಲ್ಲಿ ಉಪ್ಪಿನ ಡಬ್ಬಿಯನ್ನು
ಅದರ ಗೂಡಿನಲ್ಲೇ ಇಡುತ್ತಿದ್ದಳು.
ಹೊಸ ಮನಿ ಅಂತ ಯಾಕ ಅಳ್ತೀರಿ?
ಗ್ವಾಡಿ ಅದ ಐತಿ, ಮಕ್ಕೋರಿ.

ಇಲ್ಲ, ಒಂದು ವ್ಯತ್ಯಾಸವಿತ್ತು.
ಕ್ವಾರ್ಟರ್ಸು ಜೋಡಿ ಜೋಡಿ, ನಡುವೆ ಒಂದೇ ಗೋಡೆ.
ನಮ್ಮ ಬಾಗಿಲು ಎಡಕ್ಕಿದ್ದರೆ ಪಕ್ಕದವರದು ಬಲಕ್ಕೆ,
ಕನ್ನಡಿಯಲ್ಲಿ ನೋಡಿದ ಹಾಗೆ.
ಸಮ ನಂಬರು ಬಿಟ್ಟು ಬೆಸ ನಂಬರಿಗೆ ಬಂದೆವೋ,
ತಿಂಗಳಿಡೀ
ರಾತ್ರಿ ಎದ್ದವರ ಹಣೆ ಗೋಡೆಗೆ.
ಅವ್ವನ ಕೈ ಮಾತ್ರ ತಪ್ಪುತ್ತಿರಲಿಲ್ಲ.

ತಮ್ಮ ಮಲ್ಲೇಶಿ ತೀರಿಕೊಂಡದ್ದು ಇಂಡಿಯಲ್ಲಿ, ಎರಡನೇ ಸಲ.
ಅಷ್ಟು ಗೊತ್ತು. ನಂಬರು ಗೊತ್ತಿಲ್ಲ.
ಅವನ ಚಾಪೆ ಯಾವ ಗೋಡೆಗಿತ್ತು, ಅದೂ.
ಸುಣ್ಣ ಒತ್ತಿ ಮೂರು ಗೆರೆ ಎಳೆದು
ನಾಲ್ಕನೆಯದಕ್ಕೆ ಬಂದು ನಿಂತೆ.
ಚಿಲಕ ಎಡಕ್ಕೋ ಬಲಕ್ಕೋ?
ಗಾಳಿಯಲ್ಲಿ ಕೈ ಎತ್ತಿ ನೋಡಿದೆ.
ಎರಡೂ ಕೈ ಎದ್ದವು.

ಅಷ್ಟರಲ್ಲಿ ವಾಕರ್ ತಳ್ಳುತ್ತ ಬಂದಳು ಮಾರೀನ್,
ಎಂಬತ್ತೊಂದರ ಮುದುಕಿ.
ಜಾಗ ಸಾಲದೆ
ಅವಳ ಮನೆ ನನ್ನದಕ್ಕೆ ಅಂಟಿಕೊಂಡೇ ಏಳುತ್ತಿತ್ತು.
ಯುದ್ಧ ಮುಗಿದ ಮೇಲೆ ಸರ್ಕಾರ ತಂದಿಳಿಸಿದ
ತಗಡಿನ ಮನೆಯಂತೆ, ನಟ್ಟು ಬಿಗಿದರೆ ಮನೆ,
ಬಿಚ್ಚಿದರೆ ಲಾರಿಯ ಸಾಮಾನು.
ಬೀದಿಗೆ ನಲವತ್ತು, ಎಲ್ಲ ಒಂದೇ ಅಚ್ಚು.
ಒಂದು ದಿನ ಶಾಲೆ ಬಿಟ್ಟು ಬಂದವಳು
ಬೇರೆಯವರ ಮನೆ ಹೊಕ್ಕು, ಬೇರೆಯವರ ಬಿಸ್ಕತ್ತು ತಿಂದು,
ಬೇರೆಯವರ ಮಂಚದಲ್ಲಿ ನಿದ್ದೆ ಹೋಗಿದ್ದಳು.
ಎದ್ದು ಅಳಲಿಲ್ಲವೆ?
ಯಾಕೆ ಅಳಲಿ, ಆ ಅಮ್ಮ ಊಟಕ್ಕೆ ಕರೆದಳು.

ನಡುವಿನ ಗೆರೆ ಇಬ್ಬರಿಗೂ ಒಂದೇ ಇರಲೆಂದು
ಸುಣ್ಣ ಉಳಿಸಿದೆವು.

ಬ್ರಾನ್ವೆನ್ ಏಣಿ ಹತ್ತಿ ಫೋಟೋ ತೆಗೆಯುತ್ತ ಕೇಳಿದಳು:
ಇಲ್ಲೊಂದು ಗೆರೆ ಮರೆತಿರಾ?
ಹ್ಞೂಂ, ಎಂದೆ.

ಆ ಎಂಟು ವರ್ಷದವ ಅದೇ ಸಂದಿಯಿಂದ ನುಗ್ಗಿ
ಖೋಲಿ ದಾಟಿ, ಅಡುಗೆಮನೆ ದಾಟಿ,
ಕೆಳಗೆ ಏನೂ ಇಲ್ಲದ ಶೆರ್ಕೋನ ಮಾಳಿಗೆ ಮೇಲೆ ಓಡಿ,
ಮಾರೀನಳ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು
ಹುಡುಕಿ ನನ್ನನ್ನ, ಎಂದು ಕೂಗಿದ.
ಗೋಡೆಯಿಲ್ಲದ ಊರಲ್ಲಿ
ಎಲ್ಲರಿಗೂ ಕಾಣುತ್ತಿದ್ದ.
ಶೆರ್ಕೋ ಎದ್ದು, ಕಾಣದವನ ಹಾಗೆ, ಹುಡುಕತೊಡಗಿದ.

ಆರಕ್ಕೆ ನೀರಿನ ಪೈಪು ಬಂತು.
ಮರುದಿನ ಅಲ್ಲಿ ಯಾರದೋ ಮದುವೆಯ ಕುಣಿತ.

ಬಸ್ಸಿನಲ್ಲಿ ಅಂಗೈ ನೋಡಿಕೊಂಡೆ. ಎರಡೂ ಬೆಳ್ಳಗಿದ್ದವು.
ಮನೆ ಮುಟ್ಟಿ, ಕೀಲಿಕೈ ಹಾಕಿ, ತಿರುಗಿಸದೆ
ಒಂದು ಗಳಿಗೆ ನಿಂತೆ.
ಬಲಕ್ಕೆ.
ನಂಬರು ಮೂವತ್ತೇಳು.